ಓದುಗರ ಪ್ರಶ್ನೆ: ಎಂಜಿನ್ ಇಲ್ಲದ ವಿಮಾನಕ್ಕೆ ಎಂಟು ಜನ ಯಾಕೆ?

ಗ್ಲೈಡರ್ ಹಾರಿಸುವ ಮೈದಾನದಲ್ಲಿ ನೆಲದ ಮೇಲೆ ನಿಂತವರ ಕೆಲಸ ಏನು ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಲ ಆಯ್ದುಕೊಂಡಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇವೆ.

ಪ್ರಶ್ನೆ: ಗ್ಲೈಡರಿನಲ್ಲಿ ಕೂರುವವರು ಒಬ್ಬರೋ ಇಬ್ಬರೋ. ಎಂಜಿನ್ನೂ ಇಲ್ಲ. ಆದರೂ ಅದನ್ನು ಮೇಲೇರಿಸಲು ಏಳೆಂಟು ಜನ ಬೇಕು ಅನ್ನುತ್ತಾರೆ. ಇದು ಅತಿಯಾಯಿತಲ್ಲವೇ? (ಹುಬ್ಬಳ್ಳಿಯಿಂದ)

ಎಂಜಿನ್ ಇದೆ, ಆದರೆ ಅದು ಒಂದು ಕಿಲೋಮೀಟರ್ ದೂರದಲ್ಲಿದೆ. ಮೈದಾನದ ಒಂದು ತುದಿಯಲ್ಲಿ ಗ್ಲೈಡರ್, ಇನ್ನೊಂದು ತುದಿಯಲ್ಲಿ ವಿಂಚ್. ವಿಂಚ್ ಎಂದರೆ ಲಾರಿಗೆ ಹಾಕುವಂಥ ದೊಡ್ಡ ಎಂಜಿನ್ನು, ಅದಕ್ಕೆ ಜೋಡಿಸಿದ ಒಂದೋ ಎರಡೋ ಡ್ರಮ್ಮು. 1,000ದಿಂದ 1,200 ಮೀಟರ್ ಉದ್ದದ ಕೇಬಲ್ಲನ್ನು ಅದು ಸರಸರನೆ ಸುತ್ತಿಕೊಂಡಂತೆ ಗ್ಲೈಡರ್ ಗಾಳಿಪಟದ ಹಾಗೆ ಏರುತ್ತದೆ. ನಿಂತಲ್ಲಿಂದ ಗಂಟೆಗೆ ನೂರು ಕಿಲೋಮೀಟರ್ ವೇಗಕ್ಕೆ ಮೂರ್ನಾಲ್ಕು ಸೆಕೆಂಡು. ಇಡೀ ಏರಾಟ ಮುಕ್ಕಾಲು ನಿಮಿಷದಲ್ಲಿ ಮುಗಿದಿರುತ್ತದೆ. ಎದುರುಗಾಳಿ ಚೆನ್ನಾಗಿದ್ದರೆ ಕೇಬಲ್ ಉದ್ದದ ಹತ್ತಿರಹತ್ತಿರ ಅರ್ಧದಷ್ಟು ಎತ್ತರ, ಗಾಳಿ ಸತ್ತಿದ್ದರೆ ಮೂರರಲ್ಲೊಂದು ಪಾಲು ಸಿಗುತ್ತದೆ.

ಈಗ ಜನರನ್ನು ಎಣಿಸಿ. ವಿಂಚ್ ನಡೆಸುವವರು ಒಬ್ಬರು. ವಿಂಚಿನಿಂದ ಕೇಬಲ್ ತುದಿಯನ್ನು ಗ್ಲೈಡರ್ ನಿಂತಲ್ಲಿಗೆ ಎಳೆದು ತರುವ ಜೀಪಿನ ಚಾಲಕ ಒಬ್ಬರು. ಕೇಬಲ್ಲನ್ನು ಕೊಕ್ಕೆಗೆ ಹಾಕುವವರು, ರೆಕ್ಕೆಯ ತುದಿ ಹಿಡಿಯುವವರು, ವಿಂಚಿಗೆ ಸಿಗ್ನಲ್ ಕೊಡುವವರು, ಸಮಯ ಬರೆಯುವವರು. ಆರಾಯಿತು. ಇಳಿದ ಗ್ಲೈಡರನ್ನು ಮತ್ತೆ ಸಾಲಿಗೆ ತಳ್ಳಿಕೊಂಡು ಬರಲು ಕನಿಷ್ಠ ಇಬ್ಬರು. ಎಲ್ಲರ ಮೇಲೆ ಕಣ್ಣಿಟ್ಟಿರುವ ಆ ದಿನದ ಇನ್‌ಸ್ಟ್ರಕ್ಟರ್ ಬೇರೆ. ತೇರಿನಲ್ಲಿ ಮಿಣಿ ಎಳೆಯುವ ಸಾವಿರ ಜನಕ್ಕಿಂತ ಗಾಲಿಗೆ ಮರದ ತುಂಡು ಕೊಡುವವನ ಕಣ್ಣು ಮುಖ್ಯ ಅಲ್ಲವೇ? ಇಲ್ಲಿ ಅಂಥವರೇ ಆರೇಳು ಜನ.

ಇದು ಈಗಿನ ರೂಢಿಯೇನಲ್ಲ. 1920ರಲ್ಲಿ ಜರ್ಮನಿಯ ವಾಸರ್‌ಕುಪ್ಪೆ ಬೆಟ್ಟದ ಮೇಲೆ ಗ್ಲೈಡರ್ ಸ್ಪರ್ಧೆಗಳು ಆರಂಭವಾದ ಆ ಕಾಲದಲ್ಲಿ ದಪ್ಪ ರಬ್ಬರ್ ಹಗ್ಗವನ್ನು ಚಾಟರಬಿಲ್ಲಿನಂತೆ ಮೂತಿಗೆ ಹಾಕಿ, ಎರಡು ಕಡೆಯೂ ನಾಲ್ಕೈದು ಜನ ಇಳಿಜಾರಿನಲ್ಲಿ ಓಡುತ್ತಿದ್ದರು. ಇನ್ನಿಬ್ಬರು ಬಾಲ ಹಿಡಿದು ಕೂತಿರುತ್ತಿದ್ದರು. 'ಔಸ್‌ಟ್ಸೀಯೆನ್, ಲಾವ್ಫೆನ್, ಲೋಸ್' ಎಂಬ ಮೂರು ಕೂಗು: ಎಳೆಯಿರಿ, ಓಡಿ, ಬಿಡಿ. ಹಾರುವವನು ಒಬ್ಬ, ಏದುಸಿರು ಬಿಡುವವರು ಹತ್ತು ಜನ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದೇನೆ, ಇಲ್ಲೊಂದು ಗ್ಲೈಡಿಂಗ್ ಕ್ಲಬ್ ಸೇರಿದ್ದೇನೆ. ಬೆಳಿಗ್ಗೆ ಎಂಟಕ್ಕೆ ಹೋದರೆ ಸಂಜೆ ಆರರವರೆಗೆ ತಳ್ಳುವುದು, ಎಳೆಯುವುದು, ಹಿಡಿಯುವುದು. ನನ್ನ ಪಾಲಿಗೆ ಬರುವುದು ಎರಡು ಅಥವಾ ಮೂರು ಹಾರಾಟ, ಒಂದೊಂದೂ ಆರು ನಿಮಿಷ. ಇದನ್ನು ಹೆಚ್ಚಿಸುವ ದಾರಿ ಇಲ್ಲವೇ? (ರೆಡಿಂಗ್‌ನಿಂದ ಒಬ್ಬ ಕನ್ನಡಿಗರು)

ಇದೆ, ಆದರೆ ನೀವು ಹುಡುಕುತ್ತಿರುವ ಕಡೆ ಇಲ್ಲ. ಮೊದಲು ಆರು ನಿಮಿಷದ ಲೆಕ್ಕ ನೋಡಿ. ತರಬೇತಿಯ ಎರಡು ಸೀಟಿನ ಗ್ಲೈಡರ್ ಸಾಧಾರಣ ಗಾಳಿಯಲ್ಲಿ ತಿರುಗುತ್ತಾ ಸೆಕೆಂಡಿಗೆ ಒಂದು ಮೀಟರ್ ಆಸುಪಾಸು ಕೆಳಗಿಳಿಯುತ್ತದೆ. 400 ಮೀಟರಿನಲ್ಲಿ ಕೇಬಲ್ ಬಿಟ್ಟರೆ ಆರು ಏಳು ನಿಮಿಷಕ್ಕೆ ನೆಲ. ಮೇಲೇರುವ ಬಿಸಿಗಾಳಿಯ ಕಂಬ ಸಿಕ್ಕರೆ ಮಾತು ಬೇರೆ.

ಇನ್ನು ದಿನದ ಲೆಕ್ಕ. ಎರಡು ಡ್ರಮ್ಮಿನ ವಿಂಚ್ ಎಂದುಕೊಳ್ಳಿ. ಜೀಪು ಬರಿದಾಗಿ ವಿಂಚಿಗೆ ಹೋಗಲು ಒಂದೂವರೆ ನಿಮಿಷ. ಎರಡು ಕೇಬಲ್ ಸಿಕ್ಕಿಸಿಕೊಳ್ಳಲು ಅರ್ಧ ನಿಮಿಷ. ಎಳೆದು ತರುವಾಗ ಗಂಟೆಗೆ 25 ಕಿಲೋಮೀಟರ್ ವೇಗವಾದರೆ ಸುಮಾರು ಎರಡೂವರೆ ನಿಮಿಷ. ತುದಿಗಳನ್ನು ಕಳಚಿ ಬೇರೆಬೇರೆ ಇಡಲು ಮತ್ತೆ ಅರ್ಧ. ಆಮೇಲೆ ಪ್ರತಿ ಗ್ಲೈಡರಿಗೂ ಕೊಕ್ಕೆ, ಸಿಗ್ನಲ್ ಸೇರಿ ಒಂದು ನಿಮಿಷ, ಏರಿ ಕೇಬಲ್ ಪೂರ್ತಿ ಸುತ್ತಿಕೊಳ್ಳುವವರೆಗೆ ಒಂದೂವರೆ ನಿಮಿಷ. ಎಲ್ಲ ಕೂಡಿದರೆ ಹತ್ತು ನಿಮಿಷಕ್ಕೆ ಎರಡು ಲಾಂಚ್, ಗಂಟೆಗೆ ಹನ್ನೆರಡು. ಆರು ಗಂಟೆ ಕೆಲಸ ನಡೆದರೆ 72.

ಈಗ ಪ್ರತಿ ಲಾಂಚಿಗೂ ಬರೀ ಒಂದು ನಿಮಿಷ ತಡ ಸೇರಿಸಿ. ಹತ್ತರ ಬದಲು ಹನ್ನೆರಡು ನಿಮಿಷಕ್ಕೆ ಎರಡು ಲಾಂಚ್, ಗಂಟೆಗೆ ಹತ್ತು, ದಿನಕ್ಕೆ 60. ಹನ್ನೆರಡು ಹಾರಾಟ ಗಾಳಿಯಲ್ಲಿ ಹೋಯಿತು. ನಿಮ್ಮ ಮೂರನೆಯ ಅಥವಾ ನಾಲ್ಕನೆಯ ಹಾರಾಟ ಹೋದದ್ದು ಅಲ್ಲಿಗೇ.

ಆ ಒಂದು ನಿಮಿಷವನ್ನು ತಿನ್ನುವುದು ವಿಂಚ್ ಅಲ್ಲ, ಜೀಪೂ ಅಲ್ಲ. ಹೆಚ್ಚಿನ ಸಲ ಕೇಬಲ್ ಬಂದು ಬಿದ್ದಿರುತ್ತದೆ, ಕಾಕ್‌ಪಿಟ್‌ನಲ್ಲಿ ಕೂತವರು ಆಗ ಬೆಲ್ಟ್ ಹುಡುಕುತ್ತಿರುತ್ತಾರೆ. ಅಥವಾ ತೂಕ ಕಡಿಮೆ ಎಂದು ಆಗ ನೆನಪಾಗಿ ಸೀಸದ ತೂಕ ತರಲು ಯಾರೋ ಓಡುತ್ತಿರುತ್ತಾರೆ. ಮುಂದಿನ ಎರಡು ಗ್ಲೈಡರುಗಳ ಪೈಲಟ್‌ಗಳು ಕೇಬಲ್ ದಾರಿಯಲ್ಲಿರುವಾಗಲೇ ಕೂತು, ಬೆಲ್ಟ್ ಬಿಗಿದು, ತಪಾಸಣೆ ಮುಗಿಸಿರಬೇಕು. ಇಳಿದ ಗ್ಲೈಡರ್ ನಿಲ್ಲುವ ಮುಂಚೆಯೇ ಅದರತ್ತ ಇಬ್ಬರು ಹೊರಟಿರಬೇಕು. ಇಷ್ಟು ಮಾಡಿದರೆ ಸಾಕು. ಅವಸರ ಮಾತ್ರ ಬೇಡ: ತಪಾಸಣೆಯಲ್ಲಿ ಉಳಿಸಿದ ಸಮಯ ಉಳಿತಾಯವಲ್ಲ, ಕಾಯುವುದರಲ್ಲಿ ಉಳಿಸಿದ್ದು ಉಳಿತಾಯ.

ಪ್ರಶ್ನೆ: ಕೇಬಲ್ಲಿಗೆ ಬೇಕೆಂದೇ ಒಂದು ದುರ್ಬಲ ತುಂಡು ಹಾಕುತ್ತಾರಂತೆ. ಗಟ್ಟಿ ಕೇಬಲ್ ಇಟ್ಟುಕೊಂಡು ನಡುವೆ ಮುರಿಯುವ ತುಂಡು ಹಾಕುವುದು ಎಂಥ ಬುದ್ಧಿವಂತಿಕೆ? (ಮೈಸೂರಿನ ಎಂಜಿನಿಯರಿಂಗ್ ವಿದ್ಯಾರ್ಥಿನಿ)

ನಿಮ್ಮ ಮನೆಯ ಫ್ಯೂಸ್ ತಂತಿಯ ಬುದ್ಧಿವಂತಿಕೆಯೇ. ಇದಕ್ಕೆ ವೀಕ್ ಲಿಂಕ್ ಎಂದು ಹೆಸರು. ವಿಂಚ್ ಜಾಸ್ತಿ ಎಳೆದರೆ, ಅಥವಾ ಪೈಲಟ್ ಕಡಿದಾಗಿ ಎತ್ತಿದಾಗಲೇ ಬಿರುಗಾಳಿ ಹೊಡೆದರೆ, ರೆಕ್ಕೆಗೆ ಪೆಟ್ಟಾಗುವ ಮುಂಚೆ ಈ ತುಂಡು ಹೋಗಬೇಕು.

ತುದಿಯಿಂದ ಶುರು ಮಾಡಿದರೆ ಜೋಡಣೆ ಸಾಮಾನ್ಯವಾಗಿ ಹೀಗಿರುತ್ತದೆ. ಗ್ಲೈಡರಿನ ಹೊಟ್ಟೆಯ ಕೊಕ್ಕೆಗೆ ಹೋಗುವ ಉಂಗುರ, ಅದಕ್ಕೆ ಕೊಂಡಿಯಂತೆ ಸೇರಿದ ಇನ್ನೊಂದು ಉಂಗುರ. ಆಮೇಲೆ ವೀಕ್ ಲಿಂಕ್. ಆಮೇಲೆ ಕೆಲವು ಮೀಟರ್ ಉದ್ದದ ದಪ್ಪ ಹಗ್ಗ. ಅದರ ಹಿಂದೆ ಮಡಿಚಿಕೊಂಡಿರುವ ಪುಟ್ಟ ಪ್ಯಾರಾಚೂಟ್. ಅದರ ಹಿಂದೆ ಕೇಬಲ್. ಪೈಲಟ್ ಮೇಲೆ ಕೇಬಲ್ ಬಿಟ್ಟಾಗ ಈ ಪ್ಯಾರಾಚೂಟ್ ಅರಳಿ ತುದಿಯನ್ನು ನಿಧಾನವಾಗಿ ಇಳಿಸುತ್ತದೆ. ಅದಿಲ್ಲದಿದ್ದರೆ ಕಿಲೋಮೀಟರ್ ಉದ್ದದ ಕೇಬಲ್ ಮೈದಾನದ ಮೇಲೆ ಹಾವಿನ ಹಾಗೆ ಸುರುಳಿ ಸುರುಳಿಯಾಗಿ ಬೀಳುತ್ತದೆ.

ವೀಕ್ ಲಿಂಕನ್ನು ಕೈಯಲ್ಲಿ ಹಿಡಿದು ನೋಡಿ. ಬೆರಳಿನ ಅಗಲದ ಎರಡು ಲೋಹದ ಪಟ್ಟಿಗಳು, ಒಂದರ ಮೇಲೊಂದು. ಒಂದರ ತೂತುಗಳು ದುಂಡಗೆ, ಇನ್ನೊಂದರದ್ದು ತುಸು ಉದ್ದಕ್ಕೆ. ದುಂಡು ತೂತಿನದ್ದು ಭಾರ ಹೊರುತ್ತದೆ. ಉದ್ದ ತೂತಿನದ್ದು ಸುಮ್ಮನೆ ಕೂತಿರುತ್ತದೆ, ಹಾಗಾಗಿ ದಣಿಯುವುದಿಲ್ಲ. ಮೊದಲನೆಯದು ಬಳಕೆಯಿಂದ ಸವೆದು ಬಿರುಕು ಬಿಟ್ಟರೆ ಎರಡನೆಯದು ಭಾರ ಹಿಡಿದುಕೊಳ್ಳುತ್ತದೆ. ನಿಜವಾಗಿ ಮಿತಿಮೀರಿದ ಭಾರ ಬಂದರೆ ಎರಡೂ ಹೋಗುತ್ತವೆ. ಎರಡಕ್ಕೂ ಸೇರಿಸಿ ಒಂದು ಉಕ್ಕಿನ ಕವಚ. ನೆಲದ ಮೇಲೆ ಉಜ್ಜಿಕೊಂಡು, ಬಡಿದುಕೊಂಡು ಬರುವಾಗ ಪಟ್ಟಿ ಬಾಗದಿರಲೆಂದು ಅದು.

ಬಣ್ಣ ಅಲಂಕಾರಕ್ಕಲ್ಲ. ಜರ್ಮನಿಯ ಟೋಸ್ಟ್ ಕಂಪನಿಯ ಪಟ್ಟಿಗಳಲ್ಲಿ ಕಪ್ಪು ಎಂದರೆ 1,000 ಡೆಕಾನ್ಯೂಟನ್, ಹತ್ತಿರಹತ್ತಿರ ಒಂದು ಟನ್ ಎಳೆತ. ಕಂದು 850, ಕೆಂಪು 750, ನೀಲಿ 600, ಬಿಳಿ 500. ಯಾವ ಗ್ಲೈಡರಿಗೆ ಯಾವುದು ಎಂದು ಅದರ ಕೈಪಿಡಿಯಲ್ಲಿ ಬರೆದಿರುತ್ತದೆ. ಉದಾಹರಣೆಗೆ, ಬಹಳ ಕಡೆ ತರಬೇತಿಗೆ ಬಳಸುವ ಎಎಸ್‌ಕೆ-21ಕ್ಕೆ ವಿಂಚಿನಲ್ಲಿ ಕಪ್ಪು. ಕೊಕ್ಕೆ ಹಾಕುವವರು ಬಣ್ಣವನ್ನು ಬಾಯಿಬಿಟ್ಟು ಹೇಳಬೇಕು, ಪೈಲಟ್ ಹೌದು ಅನ್ನಬೇಕು. ಆಮೇಲೆಯೇ ಕೊಕ್ಕೆ.

ಪದೇ ಪದೇ ಫ್ಯೂಸ್ ಹೋಗುತ್ತದೆಂದು ದಪ್ಪ ತಾಮ್ರದ ತಂತಿ ಸುತ್ತುವ ಮಹಾನುಭಾವರು ಎಲ್ಲ ಊರಲ್ಲೂ ಇದ್ದಾರೆ. ವೀಕ್ ಲಿಂಕ್ ವಿಷಯದಲ್ಲಿ ಅಂಥವರನ್ನು ಕೇಬಲ್ ಹತ್ತಿರ ಬಿಡಬೇಡಿ. ಬೆಳಿಗ್ಗೆ ಕವಚ ಸರಿಸಿ ತೂತಿನ ಸುತ್ತ ಬಿರುಕು ಇದೆಯೇ, ತೂತು ಎಳೆದುಕೊಂಡು ಉದ್ದವಾಗಿದೆಯೇ, ಬೋಲ್ಟ್ ಸಡಿಲವಾಗಿದೆಯೇ ಎಂದು ನೋಡುವುದು ಎರಡು ನಿಮಿಷದ ಕೆಲಸ. ಚೆನ್ನಾಗಿ ಕಂಡರೂ 200 ಲಾಂಚಿಗೆ ಬದಲಾಯಿಸಿಬಿಡುವುದು ಒಳ್ಳೆಯದು.

ಪ್ರಶ್ನೆ: ಜರ್ಮನಿಯಲ್ಲಿ ಓದುತ್ತಿರುವ ಮಗಳು ರಜೆಯಲ್ಲಿ ಗ್ಲೈಡರಿನ ರೆಕ್ಕೆ ಹಿಡಿದು ಓಡುವ ಕೆಲಸ ಮಾಡುತ್ತಾಳಂತೆ. ಅಪಾಯವಿಲ್ಲವೇ? ಆ ಕೆಲಸದಲ್ಲಿ ಗಮನಿಸಬೇಕಾದ್ದು ಏನು? (ದಾವಣಗೆರೆಯಿಂದ ಒಬ್ಬ ತಂದೆ)

ಕ್ರಮ ತಪ್ಪದಿದ್ದರೆ ಅವಳಿಗೆ ಅಪಾಯ ಕಡಿಮೆ. ಅವಳ ಕಣ್ಣು ತಪ್ಪಿದರೆ ಒಳಗೆ ಕೂತವರಿಗೆ ಅಪಾಯ ಹೆಚ್ಚು. ಇಡೀ ಮೈದಾನದಲ್ಲಿ ಎಲ್ಲರೂ ಹಗುರ ಎಂದು ತಿಳಿಯುವ, ವಾಸ್ತವದಲ್ಲಿ ಹಗುರಲ್ಲದ ಕೆಲಸ ಇದು.

ಗ್ಲೈಡರಿಗೆ ನಡುವೆ ಒಂದೇ ಚಕ್ರ. ನಿಂತಾಗ ಒಂದು ರೆಕ್ಕೆ ನೆಲಕ್ಕೆ ಒರಗಿರುತ್ತದೆ. ಹೊರಡುವಾಗ ಎರಡೂ ಸಮವಾಗಿರಬೇಕು, ಅದಕ್ಕೇ ಒಬ್ಬರು ತುದಿ ಹಿಡಿಯುವುದು. ಆದರೆ ರೆಕ್ಕೆ ಎತ್ತುವುದೆಂದರೆ ಬರೀ ಸಮ ಮಾಡುವುದಲ್ಲ, 'ನಾವು ಸಿದ್ಧ' ಎಂದು ಎಲ್ಲರಿಗೂ ಹೇಳುವುದು. ಹಾಗಾಗಿ ಪೈಲಟ್ ಹೇಳದೆ ಎತ್ತುವಂತಿಲ್ಲ.

ಎತ್ತುವ ಮುಂಚೆ ಅವಳ ಕಣ್ಣು ಹೋಗಬೇಕಾದ ಜಾಗಗಳು ಕೆಲವೇ. ಮೊದಲು ಬಾಲ. ಗ್ಲೈಡರನ್ನು ತಳ್ಳಲು ಅನುಕೂಲವಾಗಲೆಂದು ಬಾಲಕ್ಕೆ ಕಟ್ಟುವ ಪುಟ್ಟ ಗಾಲಿ ಅಲ್ಲೇ ಉಳಿದಿದೆಯೇ? ಅದರ ತೂಕ ಕೆಲವೇ ಕೆಜಿ ಇರಬಹುದು. ಆದರೆ ಅಷ್ಟು ಹಿಂದೆ ಕೂತಾಗ ಇಡೀ ವಿಮಾನದ ತೂಕದ ಕೇಂದ್ರವನ್ನೇ ಹಿಂದಕ್ಕೆ ಎಳೆಯುತ್ತದೆ, ಮೂತಿ ತಾನೇ ಮೇಲೇಳಲು ನೋಡುತ್ತದೆ. ಆಮೇಲೆ ರೆಕ್ಕೆಯ ಮೇಲ್ಭಾಗ: ಗ್ಲೈಡರನ್ನು ಬೇಗ ಕೆಳಗಿಳಿಸಲು ರೆಕ್ಕೆಯಿಂದ ಮೇಲೇಳುವ ಏರ್‌ಬ್ರೇಕ್ ಫಲಕಗಳು ಪೂರ್ತಿ ಒಳಗೆ ಕೂತಿವೆಯೇ? ಆಮೇಲೆ ಕ್ಯಾನೊಪಿ, ಅಂದರೆ ಕಾಕ್‌ಪಿಟ್ ಮೇಲಿನ ಗಾಜಿನಂಥ ಮುಚ್ಚಳ: ಗಾಜಿನ ಅಂಚು ಚೌಕಟ್ಟಿಗೆ ಅಂಟಿದೆಯೇ, ಲಾಕ್ ಬಿದ್ದಿದೆಯೇ? ಕೊನೆಗೆ ಬೆನ್ನು ತಿರುಗಿಸಿ ಹಿಂದೆ ಮತ್ತು ಮೇಲೆ ನೋಡಬೇಕು. ಇಳಿಯಲು ಬರುತ್ತಿರುವ ಗ್ಲೈಡರಿಗೆ ಎಂಜಿನ್ ಸದ್ದು ಇರುವುದಿಲ್ಲ, ಕಿವಿ ನಂಬಿ ಕೂರುವಂತಿಲ್ಲ. ಕಾಕ್‌ಪಿಟ್‌ನಲ್ಲಿ ಕೂತವರಿಗೆ ಹಿಂದೆ ಏನೂ ಕಾಣುವುದಿಲ್ಲ.

ಹಿಡಿಯುವ ರೀತಿಯೂ ಮುಖ್ಯ. ಬೆರಳುಗಳ ಮೇಲೆ ರೆಕ್ಕೆ ಕೂತಿರಬೇಕು, ಮುಷ್ಟಿಯಲ್ಲಿ ಸಿಕ್ಕಿರಬಾರದು. ಗ್ಲೈಡರ್ ಸರಿದಾಗ ಜೊತೆಗೆ ನಾಲ್ಕಾರು ಹೆಜ್ಜೆ ಓಡಿ ಕೈ ಬಿಟ್ಟುಬಿಡಬೇಕು. ಹಿಂದಕ್ಕೆ ಹಿಡಿದರೆ ಮೂತಿ ಆ ಕಡೆಗೆ ತಿರುಗುತ್ತದೆ. ಮುಂದಕ್ಕೆ ತಳ್ಳಿದರೆ ಇನ್ನೊಂದು ಕಡೆಗೆ. ಇಬ್ಬನಿಯ ಹುಲ್ಲಿನಲ್ಲಿ ಜಾರುವ ಬೂಟು ಬೇಡ. ಇನ್ನೊಂದು ಕೇಬಲ್ ಎಲ್ಲಿ ಬಿದ್ದಿದೆ ಎಂದು ಮೊದಲೇ ನೋಡಿಕೊಂಡು, ಅದನ್ನು ತುಳಿಯದ ಕಡೆಗೇ ಓಡಬೇಕು.

ರೆಕ್ಕೆ ನೆಲಕ್ಕೆ ತಾಗಿದರೆ ಏನಾಗುತ್ತದೆ ಎಂದು ತಿಳಿದವರು ಈ ಕೆಲಸವನ್ನು ತಮಾಷೆಗೆ ತೆಗೆದುಕೊಳ್ಳುವುದಿಲ್ಲ. ವಿಂಚ್ ಎಳೆಯುತ್ತಿರುವಾಗ ತುದಿ ಹುಲ್ಲಿಗೆ ಸಿಕ್ಕರೆ ಗ್ಲೈಡರ್ ಆ ತುದಿಯ ಸುತ್ತ ತಿರುಗುತ್ತದೆ, ಇನ್ನೊಂದು ರೆಕ್ಕೆ ಗಾಳಿ ಹಿಡಿದು ಮೇಲೇಳುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಪಲ್ಟಿ. ಬ್ರಿಟಿಷ್ ಗ್ಲೈಡಿಂಗ್ ಅಸೋಸಿಯೇಷನ್ 2005ರಲ್ಲಿ ಶುರು ಮಾಡಿದ ಸುರಕ್ಷಿತ ವಿಂಚ್ ಲಾಂಚ್ ಅಭಿಯಾನದ ಮುಖ್ಯ ಪಾಠಗಳಲ್ಲಿ ಇದೂ ಒಂದು: ಪೈಲಟ್‌ನ ಎಡಗೈ ಶುರುವಿನಿಂದಲೂ ಹಳದಿ ರಿಲೀಸ್ ಗುಂಡಿಯ ಮೇಲಿರಲಿ, ರೆಕ್ಕೆಯನ್ನು ಸಮ ಇಡಲಾಗುತ್ತಿಲ್ಲ ಅನ್ನಿಸಿದರೆ ಅದು ನೆಲ ಮುಟ್ಟುವವರೆಗೆ ಕಾಯಬೇಡಿ, ಕೇಬಲ್ ಬಿಡಿ.

ಪ್ರಶ್ನೆ: ಕಿಲೋಮೀಟರ್ ದೂರದ ವಿಂಚಿಗೆ ಮಾತು ಮುಟ್ಟಿಸುವುದು ಹೇಗೆ? 'ನಿಲ್ಲಿಸು' ಅನ್ನುವ ಅಧಿಕಾರ ಯಾರಿಗೆ? (ಬೆಳಗಾವಿಯಿಂದ)

ರೇಡಿಯೊ, ಫೋನು, ದೀಪ, ಕೈಸನ್ನೆ. ಬ್ರಿಟಿಷ್ ಪದ್ಧತಿಯ ಸನ್ನೆ ಮೂರೇ. ಒಂದು ಕೈಯನ್ನು ಸೊಂಟದ ಕೆಳಗೆ ಆಚೆ ಈಚೆ ತೂಗಿದರೆ ಸಡಿಲ ಎಳೆದುಕೊಳ್ಳಿ. ಅದೇ ಕೈಯನ್ನು ತಲೆಯ ಮೇಲೆ ತೂಗಿದರೆ ಪೂರ್ತಿ ಎಳೆಯಿರಿ. ಎರಡೂ ಕೈ ನೆಟ್ಟಗೆ ಮೇಲೆತ್ತಿ ಅಲ್ಲಾಡದೆ ನಿಂತರೆ ನಿಲ್ಲಿಸಿ. ದೀಪದಲ್ಲಾದರೆ ಕ್ರಮವಾಗಿ ನಿಧಾನ ಮಿನುಗು, ಬೇಗ ಮಿನುಗು, ಒಂದೇ ಸಮನೆ ಬೆಳಕು.

ರೇಡಿಯೊದಲ್ಲಿ ಹೋಗುವ ಮಾತು ಚಿಕ್ಕದಾಗಿರಬೇಕು, ಆದರೆ ಎರಡು ವಿಷಯ ಬಿಡುವಂತಿಲ್ಲ: ಯಾವ ಗ್ಲೈಡರ್, ಯಾವ ಕಡೆಯ ಕೇಬಲ್. 'ಕೆ-21, ಇಬ್ಬರು, ಎಡ ಕೇಬಲ್.' ಸುಮಾರು 600 ಕೆಜಿ ತೂಗುವ ಎರಡು ಸೀಟಿನದಕ್ಕೆ ಕೊಡುವ ಶಕ್ತಿಯನ್ನು ಅದರ ಅರ್ಧ ತೂಕದ ಒಂದು ಸೀಟಿನದಕ್ಕೆ ಕೊಟ್ಟರೆ ಅದು ಬಾಣದ ಹಾಗೆ ಹೋಗುತ್ತದೆ. ಕೇಬಲ್ ಹೆಸರು ತಪ್ಪಿದರೆ ಇನ್ನೂ ಕೆಟ್ಟದ್ದು. ಕೊಕ್ಕೆಗೆ ಹಾಕಿದ ಕೇಬಲ್ ಅಲ್ಲಾಡದೆ, ಪಕ್ಕದಲ್ಲಿ ಯಾರದೋ ಕಾಲ ಬಳಿ ಬಿದ್ದದ್ದು ಓಡಲು ಶುರುವಾಗುತ್ತದೆ. ಒಂದು ಕೇಬಲ್ ಮೇಲೆ ಲಾಂಚ್ ನಡೆದಿರುವಾಗ ಇನ್ನೊಂದನ್ನು ಯಾರೂ ಮುಟ್ಟಬಾರದು ಅನ್ನುವುದು ಇದಕ್ಕೇ.

ನಿಲ್ಲಿಸು ಅನ್ನುವ ಅಧಿಕಾರ ಎಲ್ಲರಿಗೂ ಇದೆ. ಇನ್‌ಸ್ಟ್ರಕ್ಟರಿಗೆ ಎಷ್ಟೋ, ಟೀ ಕುಡಿಯುತ್ತಾ ನಿಂತ ಹದಿನಾಲ್ಕರ ಹುಡುಗನಿಗೂ ಅಷ್ಟೇ. ಒಬ್ಬರು 'ಸ್ಟಾಪ್' ಎಂದು ಕೂಗಿದರೆ ಕೇಳಿದವರೆಲ್ಲ ಕೂಗಬೇಕು, ಪೈಲಟ್ ಕಾರಣ ಕೇಳದೆ ಕೇಬಲ್ ಬಿಡಬೇಕು. ಕಾರಣ ಆಮೇಲೆ ವಿಚಾರಿಸಿದರಾಯಿತು. ಸುಳ್ಳು ಎಚ್ಚರಿಕೆ ಎಂದು ಬೈಯುವ ಮೈದಾನದಲ್ಲಿ ಮುಂದಿನ ಸಲ ಯಾರೂ ಬಾಯಿ ತೆರೆಯುವುದಿಲ್ಲ. ಒಂದೇ ಮಿತಿ: ಗ್ಲೈಡರ್ ನೆಲ ಬಿಟ್ಟು ಕಡಿದಾಗಿ ಏರತೊಡಗಿದ ಮೇಲೆ ನಿಲ್ಲಿಸುವುದೇ ಒಂದು ಅಪಾಯ. ಆ ಹೊತ್ತಿಗೆ ನೋಡಬೇಕಾದ್ದನ್ನೆಲ್ಲ ನೋಡಿ ಮುಗಿದಿರಬೇಕು.

ಪ್ರಶ್ನೆ: ಮಧ್ಯದಲ್ಲಿ ಕೇಬಲ್ ಕಿತ್ತುಹೋದರೆ? (ಗದಗದಿಂದ)

ಕಿತ್ತುಹೋಗುತ್ತದೆ. ಅದು ಅಪಘಾತವಲ್ಲ, ಅಭ್ಯಾಸ ಮಾಡಿಸಿರುವ ಸಂಗತಿ. ಪೈಲಟ್ ತಕ್ಷಣ ಮೂತಿ ತಗ್ಗಿಸುತ್ತಾರೆ, ವೇಗ ವಾಪಸ್ ಬರುವವರೆಗೆ ಏರ್‌ಬ್ರೇಕ್ ತೆರೆಯುವುದಿಲ್ಲ, ತಿರುಗುವುದೂ ಇಲ್ಲ. ಮುಂದೆ ಜಾಗ ಇದ್ದರೆ ನೇರ ಇಳಿಯುತ್ತಾರೆ. ಆ 'ಮುಂದಿನ ಜಾಗ'ವನ್ನು ಖಾಲಿ ಇಟ್ಟಿರುವುದು ನೆಲದವರ ಪಾಲಿನ ಕೆಲಸ. ಜೀಪನ್ನು ಅಡ್ಡ ನಿಲ್ಲಿಸಿ ಹರಟುವುದು, ಇಳಿದ ಗ್ಲೈಡರನ್ನು ನಡುದಾರಿಯಲ್ಲಿ ಬಿಟ್ಟು ಫೋಟೊ ತೆಗೆಯುವುದು ಇದಕ್ಕೇ ನಿಷಿದ್ಧ.

ಆಮೇಲಿನ ಕೆಲಸದಲ್ಲಿ ಅವಸರವೇ ಶತ್ರು. ಕಿತ್ತ ಎರಡೂ ತುದಿ ಸಿಗುವವರೆಗೆ ಎರಡನೆಯ ಕೇಬಲ್ಲಿನಲ್ಲಿ ಲಾಂಚ್ ಬೇಡ. ತುಂಡೊಂದು ಅದರ ಮೇಲೆ ಅಡ್ಡ ಬಿದ್ದಿದ್ದರೆ ಅದನ್ನೂ ಚಾವಟಿಯಂತೆ ಎಳೆದುಕೊಂಡು ಹೋಗುತ್ತದೆ. ಉಕ್ಕಿನ ಕೇಬಲ್ ಆದರೆ ಎರಡು ತುದಿಗಳನ್ನು ಲೋಹದ ಕೊಳವೆಯೊಳಗೆ ತೂರಿಸಿ ಪ್ರೆಸ್‌ನಲ್ಲಿ ಒತ್ತಿ ಬೆಸೆಯುತ್ತಾರೆ. ಡೈನೀಮಾ ಎಂಬ ಸಿಂಥೆಟಿಕ್ ಹಗ್ಗವಾದರೆ ಒಂದು ತುದಿಯನ್ನು ಇನ್ನೊಂದರ ಟೊಳ್ಳಿನೊಳಗೆ ತೂರಿಸುವುದು. ತೂರಿಸಿದ ಭಾಗ ಹಗ್ಗದ ದಪ್ಪದ ಸುಮಾರು ಎಪ್ಪತ್ತು ಪಟ್ಟು ಇರಲಿ, ತುದಿಯ ಎಳೆಗಳನ್ನು ಒಂದೊಂದಾಗಿ ಕತ್ತರಿಸುತ್ತಾ ಮೊನಚು ಮಾಡಿರಲಿ. ಗಂಟು ಹಾಕಿದರೆ ಹಗ್ಗದ ಬಲ ಅಲ್ಲೇ ಕುಸಿಯುತ್ತದೆ.

ಯಾವುದು ಉತ್ತಮ ಎಂದು ಇನ್ನೊಬ್ಬರು ಕೇಳಿದ್ದಾರೆ. 5 ಮಿಲಿಮೀಟರ್ ಉಕ್ಕಿನದು ಕಿಲೋಮೀಟರಿಗೆ ಸುಮಾರು 100 ಕೆಜಿ ತೂಗುತ್ತದೆ, ಅದೇ ದಪ್ಪದ ಡೈನೀಮಾ 15ರ ಆಸುಪಾಸು. ಹಗುರವಾದ್ದರಿಂದ ಎತ್ತರ ಹೆಚ್ಚು ಸಿಗುತ್ತದೆ, ಸವೆದ ಉಕ್ಕಿನ ಎಳೆ ಸೂಜಿಯಂತೆ ಅಂಗೈಗೆ ಚುಚ್ಚುವ ಕಾಟವೂ ಇಲ್ಲ. ಆದರೆ ಅಡ್ಡಗಾಳಿಗೆ ಬೇಲಿಯಾಚೆ ತೇಲಿ ಹೋಗುತ್ತದೆ, ಕಲ್ಲುನೆಲದಲ್ಲಿ ಬೇಗ ಸವೆಯುತ್ತದೆ, 150 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗಿಬಿಡುತ್ತದೆ. ಹುಲ್ಲಿನ ಮೈದಾನಕ್ಕೆ ಡೈನೀಮಾ, ಗರಸು ನೆಲಕ್ಕೆ ಉಕ್ಕು ಎಂಬುದು ನಮ್ಮ ಅಭಿಪ್ರಾಯ.

ಜೀಪಿನ ಚಾಲಕರಿಗೆ ಒಂದು ಮಾತು. ಕೇಬಲ್ ಎಳೆದು ತಂದು ಗಕ್ಕನೆ ಬ್ರೇಕ್ ಹಾಕಬೇಡಿ. ನೀವು ನಿಂತಿರಿ, ಅಲ್ಲಿ ಡ್ರಮ್ಮು ನಿಲ್ಲಲಿಲ್ಲ. ಅದು ಬಿಟ್ಟ ಸುತ್ತುಗಳು ಸಡಿಲಾಗಿ ಒಂದರೊಳಗೊಂದು ಸಿಕ್ಕಿ ಹಕ್ಕಿಗೂಡಾಗುತ್ತವೆ. ಬಿಡಿಸಲು ಕೆಲವೊಮ್ಮೆ ಒಂದು ಗಂಟೆ ಹಿಡಿಯುತ್ತದೆ. ಮೇಲಿನ ಲೆಕ್ಕದಲ್ಲಿ ಹನ್ನೆರಡು ಲಾಂಚ್.

ಪ್ರಶ್ನೆ: ಗ್ಲೈಡರನ್ನು ತಳ್ಳುವಾಗ, ನಿಲ್ಲಿಸುವಾಗ ಎಲ್ಲಿ ಮುಟ್ಟಬೇಕು, ಎಲ್ಲಿ ಮುಟ್ಟಬಾರದು? (ಶಿವಮೊಗ್ಗದಿಂದ)

ರೆಕ್ಕೆಯ ಮುಂಅಂಚು, ಬುಡದ ಹತ್ತಿರ: ಇಲ್ಲಿ ಕೈಯಿಡಿ. ಹಿಂಅಂಚು ತೆಳು, ಅಲ್ಲಿ ಅಲುಗಾಡುವ ಭಾಗಗಳಿವೆ, ಅದನ್ನು ಒತ್ತಬೇಡಿ. ಬಾಲದ ಅಡ್ಡರೆಕ್ಕೆ ಹಿಡಿದು ತಿರುಗಿಸಬೇಡಿ. ಕ್ಯಾನೊಪಿಗೆ ಕೈ ಊರಬೇಡಿ. ರೆಕ್ಕೆ ತುದಿಯಲ್ಲಿ ಒಬ್ಬರೇ ಇರಲಿ, ದಾರಿ ತೋರಿಸುವುದು ಅವರ ಕೆಲಸ, ತಳ್ಳುವುದಲ್ಲ. ಎರಡೂ ತುದಿಯಲ್ಲಿ ಇಬ್ಬರು ನಿಂತು ಒಬ್ಬರು ಆ ಕಡೆ, ಇನ್ನೊಬ್ಬರು ಈ ಕಡೆ ಎಳೆದರೆ ಹದಿನೇಳು ಮೀಟರ್ ಉದ್ದದ ಸನ್ನೆಕೋಲಿಗೆ ಸಿಕ್ಕ ನಡುಭಾಗ ನರಳುತ್ತದೆ. ವಾಹನದಿಂದ ಎಳೆಯುವುದಾದರೆ ಹಗ್ಗ ಅರ್ಧ ರೆಕ್ಕೆಯುದ್ದಕ್ಕಿಂತ ಉದ್ದವಿರಲಿ. ಆಗ ಗ್ಲೈಡರ್ ಗಿರಕಿ ಹೊಡೆದರೂ ರೆಕ್ಕೆ ಜೀಪಿಗೆ ಬಡಿಯುವುದಿಲ್ಲ. ಇಳಿಜಾರಿದ್ದರೆ ಮೂತಿಯ ಬಳಿ ಒಬ್ಬರು ನಡೆಯಲಿ. ಜೀಪು ನಿಂತಾಗ ಗ್ಲೈಡರಿಗೆ ಬ್ರೇಕ್ ಹಾಕಲು ಒಳಗೆ ಯಾರೂ ಇರುವುದಿಲ್ಲ.

ನಿಲ್ಲಿಸುವಾಗ ಗಾಳಿ ಬರುವ ಕಡೆಯ ರೆಕ್ಕೆ ಕೆಳಗೆ, ಅದರ ಮೇಲೆ ಹಳೆ ಟೈರು ಅಥವಾ ಮರಳುಚೀಲ. ಏರ್‌ಬ್ರೇಕ್ ತೆರೆದಿಡಿ. ಕ್ಯಾನೊಪಿಯನ್ನು ಮುಚ್ಚಿ ಲಾಕ್ ಮಾಡಿ, ಬಟ್ಟೆ ಹೊದಿಸಿ. ಸೆಖೆ ಎಂದು ಅದನ್ನು ಬಿಸಿಲಿಗೆ ತೆರೆದಿಟ್ಟು ಹೋಗುವುದು ಎರಡು ಬಗೆಯಲ್ಲಿ ದುಬಾರಿ. ಒಂದು ಗಾಳಿ ಬೀಸಿದರೆ ಕೀಲು ಮುರಿದು ಗಾಜು ಚೂರು. ಗಾಳಿ ಇಲ್ಲದಿದ್ದರೆ ಬಾಗಿದ ಗಾಜು ಭೂತಗನ್ನಡಿಯಾಗಿ ಬಿಸಿಲನ್ನು ಒಂದೇ ಕಡೆ ಹಾಯಿಸುತ್ತದೆ. ಸೀಟಿನ ತಲೆದಿಂಬು ಹೊಗೆಯಾಡಿದ ಪ್ರಕರಣಗಳಿವೆ.

ಪ್ರಶ್ನೆ: ವಿಂಚಿನ ಬದಲು ವಿಮಾನದಿಂದ ಎಳೆಸಿದರೆ ಇಷ್ಟು ಜನ ಬೇಡ ಅಲ್ಲವೇ? (ಮಂಗಳೂರಿನಿಂದ)

ಬೇಡ. ಐವತ್ತು ಅರವತ್ತು ಮೀಟರ್ ಹಗ್ಗ, ಎಳೆಯುವ ವಿಮಾನ, ಕೊಕ್ಕೆ ಹಾಕಿ ರೆಕ್ಕೆ ಹಿಡಿಯಲು ಇಬ್ಬರು. 600 ಮೀಟರ್‌ವರೆಗೆ ಆರಾಮವಾಗಿ ಏರಬಹುದು. ಖರ್ಚು ವಿಂಚಿನ ಹಲವು ಪಟ್ಟು. ತಿರುಗುವ ಪ್ರೊಪೆಲ್ಲರ್ ಮೈದಾನಕ್ಕೆ ಬಂದಿದೆ ಎಂಬುದನ್ನು ಮರೆಯದಿರಿ. ಎಳೆಯುವ ವಿಮಾನದ ಮುಂದಿನಿಂದ ಯಾರೂ ನಡೆಯಬಾರದು. ಇನ್ನೊಂದು, ಮೇಲೆ ಹೋಗುವಾಗ ಅದು ರೆಕ್ಕೆ ಅಲ್ಲಾಡಿಸಿದರೆ 'ಈಗಲೇ ಹಗ್ಗ ಬಿಡು' ಎಂದು, ಬಾಲ ಮಾತ್ರ ಅಲ್ಲಾಡಿಸಿದರೆ 'ನಿನ್ನ ಏರ್‌ಬ್ರೇಕ್ ನೋಡು' ಎಂದು. ಎರಡನ್ನು ಅದಲುಬದಲು ಮಾಡಿಕೊಂಡವರು ಇಲ್ಲದೇ ಇಲ್ಲ.

ಪ್ರಶ್ನೆ: ನಮ್ಮ ದೇಶದಲ್ಲಿ ಗ್ಲೈಡರ್ ತಯಾರಾಗುತ್ತಿದ್ದವೇ? (ತುಮಕೂರಿನಿಂದ)

ಆಗುತ್ತಿದ್ದವು, ಹೆಸರುಗಳೂ ಚೆಂದ. ನಾಗರಿಕ ವಿಮಾನಯಾನ ಇಲಾಖೆಯ ವಿನ್ಯಾಸಗಳಿಗೆ ನಕ್ಷತ್ರಗಳ ಹೆಸರಿಟ್ಟಿದ್ದರು: ಅಶ್ವಿನಿ, ಭರಣಿ, ರೋಹಿಣಿ, ಮೃಗಶಿರ. ರೋಹಿಣಿಯಲ್ಲಿ ಗುರು ಶಿಷ್ಯರು ಅಕ್ಕಪಕ್ಕ ಕೂರುತ್ತಿದ್ದರು. ಆರ್ದ್ರಾ ಎಂಬುದನ್ನು ಎಚ್‌ಎಎಲ್ ತಯಾರಿಸಿತು. ಪುಣೆಯ ಹಡಪ್ಸರದ ಗ್ಲೈಡಿಂಗ್ ಕೇಂದ್ರ ಈ ಕ್ಷೇತ್ರದ ಹಳೆಯ ಹೆಸರುಗಳಲ್ಲೊಂದು.

ಪ್ರಶ್ನೆ: ಸಮಯ ಬರೆಯುವುದು ಗುಮಾಸ್ತಿಕೆ ತಾನೇ? ಅದಕ್ಕೆ ಯಾವಾಗಲೂ ಹೊಸಬರನ್ನೇ ಕೂರಿಸುತ್ತಾರೆ. (ಉಡುಪಿಯಿಂದ)

ಹೊಸಬರನ್ನು ಕೂರಿಸುವುದು ತಪ್ಪಲ್ಲ, ಹೇಳಿಕೊಡದೆ ಕೂರಿಸುವುದು ತಪ್ಪು. ಹಾಳೆಯಲ್ಲಿ ಗ್ಲೈಡರಿನ ನಂಬರು, ಒಳಗಿದ್ದವರ ಹೆಸರು, ಏರಿದ ಸಮಯ, ಇಳಿದ ಸಮಯ ಇಷ್ಟೇ ಇರುತ್ತದೆ. ಹಣದ ಲೆಕ್ಕಕ್ಕೂ ಅದೇ, ಪೈಲಟ್‌ನ ದಾಖಲೆಗೂ ಅದೇ, ಪ್ರತಿ ಗ್ಲೈಡರ್ ಎಷ್ಟು ಲಾಂಚ್ ಕಂಡಿದೆ ಎಂಬ ದುರಸ್ತಿ ಲೆಕ್ಕಕ್ಕೂ ಅದೇ. ವೀಕ್ ಲಿಂಕಿನ 200 ಎಣಿಸುವುದೂ ಅದರಿಂದಲೇ.

ಬರೆಯುವಾಗ ಸಾಮಾನ್ಯವಾಗಿ ಆಗುವ ತಪ್ಪು: ಮೂರು ಗ್ಲೈಡರ್ ಸಾಲಾಗಿ ಇಳಿದಾಗ 'ಆಮೇಲೆ ತುಂಬಿದರಾಯಿತು' ಎಂದು ಬಿಡುವುದು. ಆಮೇಲೆ ತುಂಬಿದ್ದು ಅಂದಾಜು. ನಂಬರು ಕಾಣದಿದ್ದರೆ ಎದ್ದು ಹೋಗಿ ನೋಡಿ, ಬೈನಾಕ್ಯುಲರ್ ಇದ್ದರೆ ಬಳಸಿ. ಸಂಜೆ ಹ್ಯಾಂಗರ್ ಬಾಗಿಲು ಎಳೆಯುವ ಮುಂಚೆ ಇಳಿದ ಸಮಯದ ಕಾಲಮ್ಮನ್ನು ಮೇಲಿನಿಂದ ಕೆಳಗೆ ಬೆರಳಿಟ್ಟು ಓದಬೇಕು. ಒಂದು ಜಾಗ ಖಾಲಿ ಇದ್ದರೆ ಬರೆಯುವವರು ಮರೆತಿರಬಹುದು. ಗ್ಲೈಡರ್ ಯಾವುದೋ ಹೊಲದಲ್ಲಿ ಇಳಿದು, ಟ್ರೈಲರ್ ತರುವವರಿಗಾಗಿ ಕಾಯುತ್ತಲೂ ಇರಬಹುದು. ಯಾವುದು ಎಂದು ತಿಳಿಯುವವರೆಗೆ ಬಾಗಿಲು ಹಾಕುವಂತಿಲ್ಲ.